ಕಲ್ಲು, ತಗಡು ಮತ್ತು ಗ್ರಂಥ: ಮಾರ್ಮನ್ ಧರ್ಮಗ್ರಂಥದ ಅನುವಾದದಲ್ಲಿ ಪವಿತ್ರ ವಸ್ತುಗಳ ಪಾತ್ರ

2015ರ ಆಗಸ್ಟ್ 4ರಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಒಂದು ಕಲ್ಲಿನ ಛಾಯಾಚಿತ್ರ ಪ್ರಕಟವಾಯಿತು. ಕೋಳಿಮೊಟ್ಟೆಯ ಗಾತ್ರದ, ಕಂದು ಬಣ್ಣದ, ಮೈಮೇಲೆ ಪಟ್ಟೆಗಳಿರುವ ನುಣುಪಾದ ಕಲ್ಲು ಅದು. ಪಕ್ಕದಲ್ಲಿ ಅದನ್ನು ಇಡುತ್ತಿದ್ದ ಚರ್ಮದ ಪುಟ್ಟ ಚೀಲವೂ ಇತ್ತು. ಚಿತ್ರವನ್ನು ಬಿಡುಗಡೆ ಮಾಡಿದ್ದು ಬೇರಾರೂ ಅಲ್ಲ, ಲೋಕದಲ್ಲಿ ‘ಮಾರ್ಮನ್ ಚರ್ಚ್’ ಎಂದು ಹೆಸರಾಗಿರುವ ಧಾರ್ಮಿಕ ಸಂಸ್ಥೆಯೇ. ಕಲ್ಲು ಅವರ ವಶದಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಇತ್ತು. ಆದರೂ ಆ ಚರ್ಚಿನಲ್ಲೇ ಹುಟ್ಟಿ ಬೆಳೆದ ಅನೇಕರು ಅಂಥದೊಂದು ಕಲ್ಲು ಇದೆಯೆಂಬುದನ್ನೂ ತಮ್ಮ ಧರ್ಮಗ್ರಂಥದ ಹುಟ್ಟಿಗೂ ಅದಕ್ಕೂ ಸಂಬಂಧವಿದೆಯೆಂಬುದನ್ನೂ ಅಂದೇ ಮೊದಲು ತಿಳಿದರು.

ಧರ್ಮಗ್ರಂಥವನ್ನು ಬದುಕಿನ ನಡುವೆ ಇಟ್ಟುಕೊಂಡು ಬಾಳುವ ಯಾವುದೇ ಸಮುದಾಯಕ್ಕೆ ‘ಈ ಮಾತುಗಳು ನಮ್ಮ ಕೈಗೆ ಹೇಗೆ ಬಂದವು?’ ಎಂಬ ಪ್ರಶ್ನೆ ಹಗುರವಾದುದಲ್ಲ. ಮಾರ್ಮನ್ನರ ಇತಿಹಾಸ ಈ ಪ್ರಶ್ನೆಯನ್ನು ಪರಿಶೀಲಿಸಲು ವಿಶೇಷ ಅವಕಾಶವನ್ನು ಒದಗಿಸುತ್ತದೆ. ಅವರ ಗ್ರಂಥ ಹುಟ್ಟಿ ಇನ್ನೂ ಇನ್ನೂರು ವರ್ಷಗಳಾಗಿವೆಯಷ್ಟೆ. ಅದನ್ನು ಬರೆದುಕೊಂಡವರ ಹೇಳಿಕೆಗಳಿವೆ, ಹಸ್ತಪ್ರತಿಯ ಒಂದು ಭಾಗವಿದೆ, ವಿರೋಧಿಗಳ ಪ್ರಮಾಣಪತ್ರಗಳಿವೆ, ಮುದ್ರಣದ ಲೆಕ್ಕವೂ ಇದೆ. ಅನ್ಯರ ನಂಬಿಕೆಯನ್ನು ಹಳಿಯುವುದಾಗಲಿ ಲೇವಡಿ ಮಾಡುವುದಾಗಲಿ ನಮ್ಮ ಉದ್ದೇಶವಲ್ಲ. ಆ ಗ್ರಂಥದ ಅನುವಾದದಲ್ಲಿ ಪವಿತ್ರವೆನಿಸಿದ ವಸ್ತುಗಳು ನಿಜವಾಗಿ ಯಾವ ಕೆಲಸ ಮಾಡಿದವು ಎಂಬುದನ್ನು ದಾಖಲೆಗಳ ಬೆಳಕಿನಲ್ಲಿ ನೋಡುವುದಷ್ಟೇ ಈ ಬರಹದ ಗುರಿ.

ನಿಧಿ ಹುಡುಕುವವರ ನಾಡಿನಲ್ಲಿ

ಮಾರ್ಮನ್ ಪಂಥದ ಸ್ಥಾಪಕರಾದ ಜೋಸೆಫ್ ಸ್ಮಿತ್ 1805ರ ಡಿಸೆಂಬರ್ 23ರಂದು ವರ್ಮಾಂಟ್ ರಾಜ್ಯದ ಶ್ಯಾರನ್ ಎಂಬಲ್ಲಿ ಬಡ ರೈತ ಕುಟುಂಬವೊಂದರಲ್ಲಿ ಜನಿಸಿದರು. ಬೆಳೆನಷ್ಟದಿಂದ ಕಂಗೆಟ್ಟ ಆ ಕುಟುಂಬ ಕೆಲವು ವರ್ಷಗಳ ನಂತರ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಊರಿನ ಸುತ್ತಿಗೆ ಬಂದು ನೆಲೆಸಿತು. ಅಂದು ಆ ಪ್ರದೇಶದಲ್ಲಿ ಬೈಬಲ್ ಓದುವ ಭಕ್ತಿಯೂ ನೆಲದಡಿಯ ನಿಧಿಯನ್ನು ಹುಡುಕುವ ಹಂಬಲವೂ ಒಂದೇ ಮನೆಯಲ್ಲಿ ಜೊತೆಯಾಗಿ ಬಾಳುತ್ತಿದ್ದವು. ನಮ್ಮ ಕಡೆ ಅಂಜನ ಹಾಕಿ ಕಳೆದುಹೋದ ವಸ್ತುವನ್ನು ನೋಡಿ ಹೇಳುವವರಿದ್ದಂತೆ, ಅಲ್ಲಿ ವಿಶೇಷವಾದ ಕಲ್ಲುಗಳಲ್ಲಿ ದಿಟ್ಟಿಸಿ ಗುಪ್ತ ವಸ್ತುಗಳನ್ನು ಕಾಣಬಲ್ಲೆವೆಂದು ಹೇಳುವವರಿದ್ದರು. ಅಂಥ ಕಲ್ಲನ್ನು ನಾವು ಇಲ್ಲಿ ‘ದರ್ಶನದ ಕಲ್ಲು’ ಎಂದು ಕರೆಯೋಣ.

ತರುಣ ಜೋಸೆಫ್ ಸ್ಮಿತ್ ಅವರಲ್ಲಿಯೂ ಈ ಶಕ್ತಿಯಿದೆಯೆಂದು ನೆರೆಹೊರೆಯವರು ನಂಬಿದ್ದರು. 1822ರ ಸುಮಾರಿಗೆ ನೆರೆಯ ಚೇಸ್ ಕುಟುಂಬದವರಿಗಾಗಿ ಬಾವಿ ತೋಡುವಾಗ ದೊರೆತ ಕಂದು ಕಲ್ಲನ್ನು ಅವರು ಬಳಸುತ್ತಿದ್ದರು. 1825ರಲ್ಲಿ ಜೋಸಾಯ ಸ್ಟೋವೆಲ್ ಎಂಬ ರೈತರು ಸ್ಪೇನಿನವರು ಹಿಂದೆ ಬಿಟ್ಟುಹೋದರೆನ್ನಲಾದ ಬೆಳ್ಳಿಯ ಗಣಿಯನ್ನು ಹುಡುಕಲು ಅವರನ್ನು ಪೆನ್ಸಿಲ್ವೇನಿಯಾದ ಹಾರ್ಮನಿ ಎಂಬಲ್ಲಿಗೆ ಕರೆದೊಯ್ದರು. ಗಣಿ ಸಿಗಲಿಲ್ಲ. 1826ರಲ್ಲಿ ಇದೇ ವಿಷಯವಾಗಿ ಜೋಸೆಫ್ ಅವರು ಸ್ಥಳೀಯ ನ್ಯಾಯಾಧಿಕಾರಿಯ ಮುಂದೆ ವಿಚಾರಣೆಗೆ ನಿಲ್ಲಬೇಕಾಯಿತು. ನಿಧಿಯ ಹುಡುಕಾಟದಲ್ಲಿ ಹಣ ಕಳೆದುಕೊಂಡಿದ್ದ ಸ್ಟೋವೆಲ್ ಅವರೇ ಅಲ್ಲಿ ಅವರ ಪರವಾಗಿ ಮಾತನಾಡಿದರು ಎಂಬುದು ಗಮನಾರ್ಹ.

ಈ ಹಿನ್ನೆಲೆಯನ್ನು ಮರೆಮಾಚಿದರೆ ಮುಂದಿನದು ಅರ್ಥವಾಗುವುದಿಲ್ಲ. ಧರ್ಮಗ್ರಂಥದ ಅನುವಾದಕ್ಕೆ ಕಲ್ಲನ್ನು ಬಳಸಿದ ವ್ಯಕ್ತಿ ಅದಕ್ಕಿಂತ ಮೊದಲೇ ಕಲ್ಲಿನಲ್ಲಿ ನೋಡುವ ಅಭ್ಯಾಸವುಳ್ಳವರಾಗಿದ್ದರು. ಅವರನ್ನು ಮೊದಲು ನಂಬಿದವರೂ ಕಲ್ಲಿನಲ್ಲಿ ಕಾಣುವುದು ಸಾಧ್ಯವೆಂದು ಆಗಲೇ ಒಪ್ಪಿಕೊಂಡವರಾಗಿದ್ದರು.

ತಗಡುಗಳೂ ಕನ್ನಡಕವೂ

ಜೋಸೆಫ್ ಸ್ಮಿತ್ ಅವರ ಹೇಳಿಕೆಯ ಪ್ರಕಾರ, 1823ರ ಸೆಪ್ಟೆಂಬರ್ 21ರ ರಾತ್ರಿ ಮೊರೋನಿ ಎಂಬ ದೇವದೂತ ಅವರಿಗೆ ಕಾಣಿಸಿಕೊಂಡು, ಸಮೀಪದ ಗುಡ್ಡದಲ್ಲಿ ಚಿನ್ನದ ತಗಡುಗಳ ಮೇಲೆ ಬರೆದ ಪುರಾತನ ಗ್ರಂಥವೊಂದು ಹೂಳಲ್ಪಟ್ಟಿದೆಯೆಂದು ತಿಳಿಸಿದನು. ನಾಲ್ಕು ವರ್ಷ ಕಾದ ಮೇಲೆ, 1827ರ ಸೆಪ್ಟೆಂಬರ್ 22ರಂದು, ಅವು ತಮ್ಮ ಕೈಸೇರಿದವು ಎಂದು ಅವರು ಹೇಳಿದರು. ಅವರು 1842ರಲ್ಲಿ ನೀಡಿದ ವರ್ಣನೆಯಂತೆ ಒಂದೊಂದು ತಗಡು 6 ಅಂಗುಲ ಅಗಲ, 8 ಅಂಗುಲ ಉದ್ದವಿತ್ತು. ಮೂರು ಬಳೆಗಳಿಂದ ಪೋಣಿಸಿದ ಇಡೀ ಕಟ್ಟು ಸುಮಾರು 6 ಅಂಗುಲ ದಪ್ಪವಾಗಿತ್ತು. ಅದರ ಒಂದು ಭಾಗ ಮುದ್ರೆಯಿಂದ ಮುಚ್ಚಲ್ಪಟ್ಟಿತ್ತು.

ತಗಡುಗಳ ಜೊತೆಗೆ ಇನ್ನೊಂದು ವಸ್ತುವೂ ದೊರೆಯಿತೆಂದು ಅವರು ತಿಳಿಸಿದರು. ಬೆಳ್ಳಿಯ ಕಟ್ಟಿನಲ್ಲಿ ಕೂರಿಸಿದ ಎರಡು ಪಾರದರ್ಶಕ ಕಲ್ಲುಗಳು. ನೋಡಲು ಕನ್ನಡಕದಂತಿದ್ದು, ಎದೆಕವಚವೊಂದಕ್ಕೆ ಜೋಡಿಸುವಂತಿದ್ದವು. ಗ್ರಂಥದ ಒಳಗೇ ಇವುಗಳಿಗೆ ‘ಅರ್ಥ ಬಿಡಿಸುವ ಸಾಧನ’ ಎಂಬರ್ಥದ ಹೆಸರಿದೆ. ಅದರ ಕಥನದಂತೆ, ಪುರಾತನ ಕಾಲದ ಸಂತರೊಬ್ಬರಿಗೆ ದೇವನೇ ಈ ಎರಡು ಕಲ್ಲುಗಳನ್ನು ಕೊಟ್ಟಿದ್ದನು. ಹೀಗೆ ಗ್ರಂಥವು ತಾನು ಯಾವ ಸಾಧನದಿಂದ ಓದಲ್ಪಡಬೇಕೆಂಬುದನ್ನು ತನ್ನೊಳಗೇ ಹೇಳಿಕೊಳ್ಳುತ್ತದೆ.

ಆರಂಭದಲ್ಲಿ ಜನರ ಬಾಯಲ್ಲಿ ಇವುಗಳ ಹೆಸರು ‘ಕನ್ನಡಕ’ ಎಂದೇ ಇತ್ತು. 1830ರ ದಶಕದ ಮೊದಲ ವರ್ಷಗಳಲ್ಲಿ ಹೆಸರು ಬದಲಾಯಿತು. 1833ರ ಜನವರಿಯಲ್ಲಿ ಪಂಥದ ಪತ್ರಿಕೆಯಲ್ಲಿ ಡಬ್ಲ್ಯೂ. ಡಬ್ಲ್ಯೂ. ಫೆಲ್ಪ್ಸ್ ಅವರು, ಇವು ಪ್ರಾಚೀನ ಕಾಲದ ‘ಊರೀಮ್ ತುಮ್ಮೀಮ್’ ಆಗಿರಬಹುದೆಂದು ಬರೆದರು. ಬೈಬಲಿನ ವಿಮೋಚನಕಾಂಡದಲ್ಲಿ ಬರುವ ಹೆಸರು ಇದು. ಪ್ರವಾದಿ ಹಾರೂನ್(ಅ) ಅವರನ್ನು ಬೈಬಲ್ ಆರೋನ ಎಂದು ಕರೆಯುತ್ತದೆ. ಮಹಾಯಾಜಕರಾಗಿ ಅವರು ಧರಿಸುತ್ತಿದ್ದ ಎದೆಪದಕದಲ್ಲಿ ಊರೀಮ್ ತುಮ್ಮೀಮ್ ಇದ್ದವೆಂದು ಅಲ್ಲಿ ಹೇಳಲಾಗಿದೆ. ಕೆಲವೇ ವರ್ಷಗಳಲ್ಲಿ ಈ ಗಂಭೀರವಾದ ಹೆಸರೇ ಸ್ಥಿರವಾಯಿತು. ಅಷ್ಟೇ ಅಲ್ಲ, ಬಾವಿಯಲ್ಲಿ ದೊರೆತ ಕಂದು ಕಲ್ಲಿಗೂ ಕೆಲವರು ಇದೇ ಹೆಸರನ್ನು ಬಳಸತೊಡಗಿದರು. ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವಸ್ತುಗಳು ಸೇರಿಹೋದವು. ಮುಂದಿನ ಪೀಳಿಗೆಯವರು ‘ಊರೀಮ್ ತುಮ್ಮೀಮ್’ ಎಂದು ಓದಿದಾಗ ಅವರ ಕಣ್ಣಮುಂದೆ ಬೈಬಲಿನ ಎದೆಪದಕ ಬಂತೇ ಹೊರತು ಬಾವಿಯ ಕಲ್ಲು ಬರಲಿಲ್ಲ. ಹೆಸರಿನ ಬದಲಾವಣೆಯೊಂದು ಸ್ಮರಣೆಯನ್ನೇ ಬದಲಾಯಿಸಿದ ಬಗೆ ಇದು.

ಕಳೆದುಹೋದ 116 ಪುಟಗಳು

1827ರ ಕೊನೆಯಲ್ಲಿ ಜೋಸೆಫ್ ಅವರು ಪತ್ನಿ ಎಮ್ಮಾ ಅವರೊಡನೆ ಹಾರ್ಮನಿಗೆ, ಮಾವನ ಮನೆಯ ಆಸರೆಗೆ ತೆರಳಿದರು. ಪಾಲ್ಮೈರಾದ ಅನುಕೂಲಸ್ಥ ರೈತರಾದ ಮಾರ್ಟಿನ್ ಹ್ಯಾರಿಸ್ ಅವರಿಗೆ 50 ಡಾಲರ್ ಸಹಾಯ ನೀಡಿದರು. 1828ರ ಫೆಬ್ರವರಿಯಲ್ಲಿ ಹ್ಯಾರಿಸ್, ತಗಡಿನ ಮೇಲಿದ್ದವೆನ್ನಲಾದ ಅಕ್ಷರಗಳ ನಕಲನ್ನು ನ್ಯೂಯಾರ್ಕ್ ನಗರದ ವಿದ್ವಾಂಸ ಚಾರ್ಲ್ಸ್ ಆ್ಯಂಥನ್ ಅವರ ಬಳಿಗೆ ಒಯ್ದರು. ವಿದ್ವಾಂಸರು ಒಪ್ಪಿಗೆ ಸೂಚಿಸಿದರೆಂದು ಹ್ಯಾರಿಸ್ ಹೇಳಿದರು. ಇದು ಮೋಸವೆಂದು ತಾನು ಎಚ್ಚರಿಸಿದ್ದೆನೆಂದು ಆ್ಯಂಥನ್ ನಂತರ ಬರೆದರು. ಅದೇನೇ ಇರಲಿ, ಹ್ಯಾರಿಸ್ ಊರಿಗೆ ಮರಳಿ ಬಂದು ಲಿಪಿಕಾರರಾಗಿ ಕುಳಿತರು.

1828ರ ಏಪ್ರಿಲ್‌ನಿಂದ ಜೂನ್‌ವರೆಗೆ 116 ಪುಟಗಳು ಸಿದ್ಧವಾದವು. ಹ್ಯಾರಿಸ್ ಅವರ ಪತ್ನಿಗೆ ಈ ಕೆಲಸದಲ್ಲಿ ನಂಬಿಕೆಯಿರಲಿಲ್ಲ. ಮನೆಯವರಿಗೆ ತೋರಿಸಲು ಆ ಹಸ್ತಪ್ರತಿಯನ್ನು ಕೊಡಬೇಕೆಂದು ಹ್ಯಾರಿಸ್ ಮೂರು ಬಾರಿ ಬೇಡಿದರು. ಎರಡು ಬಾರಿ ದೈವಿಕ ನಿರಾಕರಣೆ ಬಂತೆಂದೂ ಮೂರನೆಯ ಬಾರಿ ಷರತ್ತಿನೊಡನೆ ಅನುಮತಿ ದೊರೆಯಿತೆಂದೂ ಜೋಸೆಫ್ ಹೇಳಿದರು. ಹಸ್ತಪ್ರತಿ ಹೋಯಿತು, ಮರಳಿ ಬರಲಿಲ್ಲ. ಅದೇ ದಿನಗಳಲ್ಲಿ, ಜೂನ್ 15ರಂದು, ಎಮ್ಮಾ ಅವರ ಚೊಚ್ಚಲ ಮಗು ಹುಟ್ಟಿದ ದಿನವೇ ತೀರಿಕೊಂಡಿತ್ತು. ಹಸಿ ಬಾಣಂತಿಯಾಗಿದ್ದ ಪತ್ನಿಯನ್ನು ಬಿಟ್ಟು ಜೋಸೆಫ್ ಪಾಲ್ಮೈರಾಕ್ಕೆ ಓಡಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಪುಟಗಳು ಕಾಣೆಯಾದ ಸುದ್ದಿ ಮಾತ್ರ.

ಕಳೆದ ಭಾಗವನ್ನು ಮತ್ತೊಮ್ಮೆ ಅನುವಾದಿಸಿದ್ದರೆ ಏನಾಗುತ್ತಿತ್ತು? ಎರಡೂ ಪ್ರತಿಗಳು ಒಂದೇ ಆಗಿದ್ದರೆ ಅದು ದೊಡ್ಡ ಸಾಕ್ಷ್ಯವಾಗುತ್ತಿತ್ತೆಂದು ಟೀಕಾಕಾರರು ಅಂದಿನಿಂದ ಇಂದಿನವರೆಗೆ ಹೇಳುತ್ತ ಬಂದಿದ್ದಾರೆ. ಆದರೆ ವಿರೋಧಿಗಳು ಕಳವಾದ ಪುಟಗಳನ್ನು ತಿದ್ದಿ ವ್ಯತ್ಯಾಸ ತೋರಿಸಲು ಕಾದಿದ್ದಾರೆಂದೂ ಅದೇ ಕಾಲದ ಕಥೆಯನ್ನು ಬೇರೊಂದು ತಗಡುಗಳ ಕಟ್ಟಿನಿಂದ ಅನುವಾದಿಸಬೇಕೆಂದೂ ದೈವವಾಣಿಯಾಯಿತೆಂದು ಜೋಸೆಫ್ ಪ್ರಕಟಿಸಿದರು. ನಂಬಿದವರು ಇದರಲ್ಲಿ ದೇವನ ಮುನ್ನರಿವನ್ನು ಕಂಡರು, ನಂಬದವರು ಜಾಣ ತಪ್ಪಿಸಿಕೊಳ್ಳುವಿಕೆಯನ್ನು ಕಂಡರು. ತಗಡುಗಳೂ ಪುಟಗಳೂ ಕಣ್ಣೆದುರಿಗೆ ಇಲ್ಲದಿದ್ದಾಗ ವಾದ ಅಲ್ಲಿಗೇ ನಿಲ್ಲುತ್ತದೆ.

ಟೋಪಿಯೊಳಗಿನ ಕಲ್ಲು

ಈ ನಷ್ಟದ ನಂತರ ಅನುವಾದದ ವಿಧಾನ ಬದಲಾಯಿತು. ಮೊದಲ ಭಾಗಕ್ಕೆ ಕನ್ನಡಕದಂಥ ಸಾಧನವನ್ನೂ ಆನಂತರ ಕಡುಬಣ್ಣದ ಸಣ್ಣ ಕಲ್ಲೊಂದನ್ನೂ ಬಳಸಲಾಯಿತೆಂದು ಎಮ್ಮಾ ಅವರು 1870ರ ಪತ್ರವೊಂದರಲ್ಲಿ ತಿಳಿಸಿದ್ದಾರೆ. 1879ರಲ್ಲಿ, ಸಾವಿಗೆ ಕೆಲವೇ ತಿಂಗಳ ಮುಂಚೆ, ಮಗನ ಪ್ರಶ್ನೆಗಳಿಗೆ ಉತ್ತರಿಸುತ್ತ ಆ ದೃಶ್ಯವನ್ನು ಅವರು ವಿವರಿಸಿದರು. ಜೋಸೆಫ್ ಅವರು ಕಲ್ಲನ್ನು ಟೋಪಿಯೊಳಗೆ ಇಟ್ಟು, ಬೆಳಕು ಬೀಳದಂತೆ ಮುಖವನ್ನು ಅದರಲ್ಲಿ ಹುದುಗಿಸಿ, ಗಂಟೆಗಟ್ಟಲೆ ಹೇಳಿ ಬರೆಸುತ್ತಿದ್ದರು. ಊಟಕ್ಕೆಂದು ಎದ್ದುಹೋಗಿ ಬಂದ ಮೇಲೂ ಹಿಂದಿನ ಸಾಲನ್ನು ಓದಿಸಿಕೊಳ್ಳದೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಿದ್ದರು.

ಹಾಗಾದರೆ ತಗಡುಗಳು ಎಲ್ಲಿದ್ದವು? ಅವು ಮೇಜಿನ ಮೇಲೆ, ನಾರುಬಟ್ಟೆಯ ಸಣ್ಣ ಹಾಸೊಂದರಲ್ಲಿ ಸುತ್ತಿಡಲ್ಪಟ್ಟಿದ್ದವು ಎಂದು ಎಮ್ಮಾ ಹೇಳಿದರು. ಬಟ್ಟೆಯ ಮೇಲಿನಿಂದ ಅಂಚುಗಳನ್ನು ಮುಟ್ಟಿ ನೋಡಿದ್ದಾಗಿಯೂ ಬೆರಳಾಡಿಸಿದರೆ ಲೋಹದ ಸದ್ದು ಬರುತ್ತಿದ್ದುದಾಗಿಯೂ ಅವರು ಹೇಳಿದರು. ಆದರೆ ಬಟ್ಟೆ ಬಿಚ್ಚಿ ನೋಡಲಿಲ್ಲ. ಮನೆಗೆಲಸ ಮಾಡುವಾಗ ಅವನ್ನು ಅತ್ತಿತ್ತ ಸರಿಸಿಡುತ್ತಿದ್ದರಷ್ಟೆ.

ಇಂಥ ವರದಿಗಳನ್ನು ತೂಗುವಾಗ ಹೇಳಿದವರು ಯಾರು, ಅವರು ಕಣ್ಣಾರೆ ಕಂಡಿದ್ದರೇ, ಎಷ್ಟು ವರ್ಷಗಳ ನಂತರ ಹೇಳಿದರು ಎಂಬುದನ್ನು ಕೇಳಲೇಬೇಕು. ಎಮ್ಮಾ ಅವರ ಮಾತು ಐವತ್ತು ವರ್ಷಗಳ ನಂತರದ್ದು. ಆದರೆ ಅದಕ್ಕಿಂತ ಬಹಳ ಮೊದಲೇ, 1834ರಲ್ಲಿ, ಅವರ ತಂದೆ ಐಸಾಕ್ ಹೇಲ್ ಒಂದು ಪ್ರಮಾಣಪತ್ರ ಬರೆದಿದ್ದರು. ಅಳಿಯನ ಮೇಲೆ ಅವರಿಗೆ ಕಿಂಚಿತ್ತೂ ವಿಶ್ವಾಸವಿರಲಿಲ್ಲ. ನಿಧಿ ಹುಡುಕುವಾಗ ಹೇಗೋ ಹಾಗೆಯೇ ಟೋಪಿಯಲ್ಲಿ ಕಲ್ಲಿಟ್ಟು ಮುಖ ಮುಚ್ಚಿಕೊಂಡು ಅನುವಾದಿಸುತ್ತಿದ್ದರೆಂದೂ ಆಗ ತಗಡುಗಳು ಕಾಡಿನಲ್ಲಿ ಅಡಗಿಸಲ್ಪಟ್ಟಿದ್ದವೆಂದೂ ಅವರು ದೂರಿದರು. ನಂಬಿದ ಮಗಳೂ ನಂಬದ ತಂದೆಯೂ ತೀರ್ಮಾನದಲ್ಲಿ ವಿರುದ್ಧ ದಿಕ್ಕಿಗೆ ಹೋಗುತ್ತಾರೆ, ಆದರೆ ದೃಶ್ಯದ ವಿಷಯದಲ್ಲಿ ಒಂದಾಗುತ್ತಾರೆ. ಮಿತ್ರನೂ ಶತ್ರುವೂ ಒಂದೇ ಸಂಗತಿಯನ್ನು ಹೇಳಿದಾಗ ಇತಿಹಾಸಕಾರ ಅದನ್ನು ಹಗುರವಾಗಿ ತಳ್ಳಿಹಾಕಲಾರ.

1829ರ ಏಪ್ರಿಲ್ 7ರಂದು ಆಲಿವರ್ ಕೌಡರಿ ಎಂಬ ತರುಣ ಶಿಕ್ಷಕರು ಲಿಪಿಕಾರರಾದ ಮೇಲೆ ಕೆಲಸಕ್ಕೆ ವೇಗ ಬಂತು. ಜೂನ್ ಅಂತ್ಯದ ಹೊತ್ತಿಗೆ, ಮೂರು ತಿಂಗಳಿಗಿಂತಲೂ ಕಡಿಮೆ ಅವಧಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಫೇಯೆಟ್‌ನಲ್ಲಿರುವ ವಿಟ್ಮರ್ ಕುಟುಂಬದ ಮನೆಯಲ್ಲಿ ಬರವಣಿಗೆ ಮುಗಿಯಿತು. ಮುದ್ರಣವಾದಾಗ ಅದು ಸುಮಾರು 590 ಪುಟಗಳ ಗ್ರಂಥವಾಯಿತು. ಪಾಲ್ಮೈರಾದ ಗ್ರ್ಯಾಂಡಿನ್ ಮುದ್ರಣಾಲಯದಲ್ಲಿ 5,000 ಪ್ರತಿಗಳಿಗೆ 3,000 ಡಾಲರ್ ಎಂದು ಒಪ್ಪಂದವಾಯಿತು. ಹಸ್ತಪ್ರತಿ ಕಳೆದ ಅಪರಾಧಿ ಭಾವವನ್ನು ಹೊತ್ತಿದ್ದ ಮಾರ್ಟಿನ್ ಹ್ಯಾರಿಸ್ ತಮ್ಮ ಜಮೀನನ್ನೇ ಅದಕ್ಕೆ ಅಡವಿಟ್ಟರು. 1830ರ ಮಾರ್ಚ್ 26ರಂದು ‘ಬುಕ್ ಆಫ್ ಮಾರ್ಮನ್’ ಮಾರಾಟಕ್ಕೆ ಬಂತು. ಏಪ್ರಿಲ್ 6ರಂದು ಚರ್ಚ್ ಸ್ಥಾಪನೆಯಾಯಿತು.

ತಗಡುಗಳಿಂದ ಓದದಿದ್ದರೆ ಅವುಗಳ ಅಗತ್ಯವೇನಿತ್ತು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಉತ್ತರವು ಗ್ರಂಥದೊಡನೆ ಮುದ್ರಿತವಾದ ಎರಡು ಹೇಳಿಕೆಗಳಲ್ಲಿದೆ. ದೇವದೂತನು ತಗಡುಗಳನ್ನು ತೋರಿಸಿದನೆಂದು ಕೌಡರಿ, ಡೇವಿಡ್ ವಿಟ್ಮರ್, ಹ್ಯಾರಿಸ್ ಎಂಬ ಮೂವರು ಸಾಕ್ಷಿ ಹೇಳಿದರು. ಜೋಸೆಫ್ ಅವರೇ ತೋರಿಸಿದ ತಗಡುಗಳನ್ನು ಕೈಯಲ್ಲಿ ಹಿಡಿದು ನೋಡಿದೆವೆಂದು ಇನ್ನೂ ಎಂಟು ಮಂದಿ ಸಾಕ್ಷಿ ಹೇಳಿದರು. ಅಂದರೆ ಪದಗಳು ಬಂದದ್ದು ಕಲ್ಲಿನಿಂದ. ಆ ಪದಗಳ ಹಿಂದೆ ನಿಜವಾದೊಂದು ಮೂಲವಿದೆಯೆಂಬ ಭರವಸೆ ಬಂದದ್ದು ತಗಡುಗಳಿಂದ. ಎರಡು ವಸ್ತುಗಳ ನಡುವೆ ಹೀಗೊಂದು ಕೆಲಸದ ಹಂಚಿಕೆಯಿತ್ತು. ಕೆಲಸ ಮುಗಿದ ಮೇಲೆ ತಗಡುಗಳನ್ನು ದೇವದೂತನಿಗೆ ಹಿಂದಿರುಗಿಸಲಾಯಿತೆಂದು ಜೋಸೆಫ್ ತಿಳಿಸಿದರು.

ಕಲ್ಲು ಯಾರ ಕೈಯಲ್ಲಿರಬೇಕು?

ಕಲ್ಲಿನಿಂದ ದೈವವಾಣಿ ಬರುವುದಾದರೆ ಅದು ಒಬ್ಬರಿಗೆ ಮಾತ್ರ ಏಕೆ ಬರಬೇಕು? ಈ ಪ್ರಶ್ನೆ ಬಹುಬೇಗ ಎದುರಾಯಿತು. 1829ರ ಏಪ್ರಿಲ್‌ನಲ್ಲಿ ಕೌಡರಿ ತಾವೂ ಅನುವಾದಿಸಲು ಬಯಸಿದರು. ಆಗ ಬಂದ ದೈವವಾಣಿಯಲ್ಲಿ ಅವರಿಗೆ ಇನ್ನೊಂದು ವರವಿದೆಯೆಂದು ಹೇಳಲಾಯಿತು. 1833ರಲ್ಲಿ ಮುದ್ರಿತವಾದ ಪಾಠದಲ್ಲಿ ಅದನ್ನು ಪ್ರಕೃತಿಯ ಕೋಲು ಎಂಬರ್ಥದಲ್ಲಿ ಕರೆಯಲಾಗಿತ್ತು. ನೆಲದಡಿಯ ನೀರು, ಲೋಹಗಳನ್ನು ಪತ್ತೆಹಚ್ಚಲು ಹಳ್ಳಿಗರು ಹಿಡಿಯುತ್ತಿದ್ದ ಕೋಲಿನ ಕಡೆಗೆ ಆ ಮಾತು ಬೆರಳು ಮಾಡುತ್ತದೆಂದು ಇತಿಹಾಸಕಾರರು ತಿಳಿಯುತ್ತಾರೆ. 1835ರ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ‘ಆರೋನನ ವರ’ ಎಂದಾಯಿತು. ಕನ್ನಡಕವು ಊರೀಮ್ ತುಮ್ಮೀಮ್ ಆದಂತೆಯೇ ಹಳ್ಳಿಯ ಕೋಲೂ ಬೈಬಲಿನ ಹೆಸರನ್ನು ಪಡೆಯಿತು. ಕೌಡರಿಯವರ ಅನುವಾದದ ಪ್ರಯತ್ನವಂತೂ ಫಲಿಸಲಿಲ್ಲ. ಮನಸ್ಸಿನಲ್ಲಿ ಮೊದಲು ಚಿಂತಿಸಿ ನೋಡಬೇಕಿತ್ತು, ಕೇಳಿದ ಮಾತ್ರಕ್ಕೆ ಸಿಗುವುದಿಲ್ಲ ಎಂಬ ಉತ್ತರ ಅವರಿಗೆ ಬಂತು.

ಇದಕ್ಕಿಂತ ಗಂಭೀರವಾದ ಪ್ರಸಂಗ 1830ರಲ್ಲಿ ನಡೆಯಿತು. ಎಂಟು ಸಾಕ್ಷಿಗಳಲ್ಲಿ ಒಬ್ಬರಾದ ಹೈರಮ್ ಪೇಜ್ ತಮ್ಮ ಬಳಿಯೂ ಒಂದು ಕಲ್ಲಿದೆಯೆಂದೂ ಅದರಿಂದ ಚರ್ಚಿನ ವಿಷಯವಾಗಿ ದೈವವಾಣಿಗಳು ಬರುತ್ತಿವೆಯೆಂದೂ ಹೇಳಿದರು. ಕೌಡರಿಯವರೂ ವಿಟ್ಮರ್ ಕುಟುಂಬದವರೂ ಅದನ್ನು ನಂಬಿದರು. ಚರ್ಚ್ ಹುಟ್ಟಿ ಆರು ತಿಂಗಳೂ ಆಗಿರಲಿಲ್ಲ, ಆಗಲೇ ಎರಡು ಕಲ್ಲು, ಎರಡು ವಾಣಿ! ಸೆಪ್ಟೆಂಬರ್‌ನಲ್ಲಿ ಜೋಸೆಫ್ ಅವರಿಗೆ ಬಂದ ದೈವವಾಣಿ, ಇಡೀ ಚರ್ಚಿಗಾಗಿ ಆಜ್ಞೆ ಪಡೆಯುವ ಅಧಿಕಾರ ಅವರೊಬ್ಬರದೇ ಎಂದು ಸಾರಿ, ಪೇಜ್ ಅವರಿಗೆ ಏಕಾಂತದಲ್ಲಿ ಬುದ್ಧಿ ಹೇಳುವಂತೆ ಕೌಡರಿಗೆ ಸೂಚಿಸಿತು. ಕಲ್ಲಿಗೆ ಸ್ವತಂತ್ರವಾದ ಅಧಿಕಾರವಿಲ್ಲ, ಅಧಿಕಾರವಿರುವುದು ಅದನ್ನು ಹಿಡಿದ ವ್ಯಕ್ತಿಗೆ ಎಂದು ಅಂದು ನಿರ್ಧಾರವಾಯಿತು.

ಅಷ್ಟರಲ್ಲಿ ಜೋಸೆಫ್ ತಮ್ಮ ಕಂದು ಕಲ್ಲನ್ನು ಕೌಡರಿಗೆ ಕೊಟ್ಟಿದ್ದರು, ಇನ್ನು ತನಗೆ ಅದರ ಅಗತ್ಯವಿಲ್ಲವೆಂದು ಹೇಳಿದ್ದರು ಎಂದು ಡೇವಿಡ್ ವಿಟ್ಮರ್ 1887ರಲ್ಲಿ ಬರೆದರು. 1838ರಲ್ಲಿ ಚರ್ಚನ್ನು ತೊರೆದಿದ್ದ ವಿಟ್ಮರ್, ಗ್ರಂಥದ ಬಗೆಗಿನ ಸಾಕ್ಷ್ಯವನ್ನು ಮಾತ್ರ ಕೊನೆಯುಸಿರಿನವರೆಗೆ ಬಿಡಲಿಲ್ಲ. ಅವರ ದೃಷ್ಟಿಯಲ್ಲಿ ಕಲ್ಲಿನ ಮೂಲಕ ಬಂದ ಆರಂಭದ ವಾಣಿಗಳು ಭರವಸೆಗೆ ಯೋಗ್ಯ. ಕಲ್ಲನ್ನು ಬಿಟ್ಟು ಬರಿಯ ಬಾಯಿಂದ ಬಂದವುಗಳಲ್ಲಿ ಮನುಷ್ಯನ ಇಚ್ಛೆ ಬೆರೆತಿರಬಹುದು. ವಸ್ತುವೊಂದು ವ್ಯಕ್ತಿಗೆ ಕಡಿವಾಣವಾಗಿತ್ತು, ಅದು ಹೋದಾಗ ಕಡಿವಾಣವೂ ಹೋಯಿತು ಎಂಬ ಆತಂಕ ಅವರ ಮಾತಿನಲ್ಲಿದೆ. ಉಳಿದ ಬಹುಪಾಲು ಅನುಯಾಯಿಗಳಿಗೆ ಹಾಗೆನಿಸಲಿಲ್ಲ. ಅವರ ನಂಬಿಕೆ ಅಷ್ಟರಲ್ಲಿ ಕಲ್ಲಿನಿಂದ ಜೋಸೆಫ್ ಅವರ ಕಡೆಗೆ ಸರಿದಿತ್ತು.

1830ರ ಜೂನ್‌ನಿಂದ 1833ರ ಜುಲೈವರೆಗೆ ನಡೆದ ಬೈಬಲ್ ಪರಿಷ್ಕರಣೆ ಇದಕ್ಕೆ ಸಾಕ್ಷಿ. ಜೋಸೆಫ್ ಅದನ್ನೂ ‘ಅನುವಾದ’ ಎಂದೇ ಕರೆದರು. ಅಲ್ಲಿ ಹೀಬ್ರೂ ಅಥವಾ ಗ್ರೀಕ್ ಮೂಲಪ್ರತಿಯಿರಲಿಲ್ಲ, ಟೋಪಿಯಿರಲಿಲ್ಲ, ಬಟ್ಟೆಯಲ್ಲಿ ಸುತ್ತಿದ ತಗಡುಗಳೂ ಇರಲಿಲ್ಲ. ಗ್ರ್ಯಾಂಡಿನ್ ಅವರ ಅಂಗಡಿಯಲ್ಲಿ ಕೊಂಡ ಇಂಗ್ಲಿಷ್ ಬೈಬಲೊಂದನ್ನು ಮುಂದಿಟ್ಟುಕೊಂಡು, ಸೇರಿಸಬೇಕಾದುದನ್ನು ಹೇಳಿ ಬರೆಸುತ್ತಿದ್ದರು. ಅನುವಾದ ಎಂಬ ಪದಕ್ಕೆ ಅವರು ಕೊಟ್ಟ ಅರ್ಥ ನಮ್ಮ ಅರ್ಥವಲ್ಲ. ಒಂದು ಭಾಷೆಯನ್ನು ಕಲಿತು ಇನ್ನೊಂದಕ್ಕೆ ತರುವ ಕೆಲಸವನ್ನು ನಾವು ಹಾಗೆ ಕರೆಯುತ್ತೇವೆ. ಅವರಿಗೆ ಅದು ದೈವಿಕ ವರದಿಂದ ಪಠ್ಯವನ್ನು ಹೊರತರುವ ಕ್ರಿಯೆಯಾಗಿತ್ತು.

ಪರೀಕ್ಷೆಗೆ ಒಳಗಾದ ಒಂದೇ ವಸ್ತು

1835ರ ಜುಲೈನಲ್ಲಿ ಒಹಾಯೋ ರಾಜ್ಯದ ಕರ್ಟ್‌ಲ್ಯಾಂಡಿಗೆ ಮೈಕೆಲ್ ಚಾಂಡ್ಲರ್ ಎಂಬ ಪ್ರದರ್ಶಕರು ಈಜಿಪ್ಟಿನ ನಾಲ್ಕು ಮಮ್ಮಿಗಳನ್ನೂ ಪಪೈರಸ್ ಸುರುಳಿಗಳನ್ನೂ ತಂದರು. ಮಾರ್ಮನ್ನರು 2,400 ಡಾಲರ್ ಕೂಡಿಸಿ ಅವನ್ನು ಕೊಂಡರು. ಮಂದಿರ ಕಟ್ಟುತ್ತ ಸಾಲದಲ್ಲಿದ್ದ ಬಡ ಸಮುದಾಯಕ್ಕೆ ಅದು ದೊಡ್ಡ ಮೊತ್ತ. ಒಂದು ಸುರುಳಿಯಲ್ಲಿ ಅಬ್ರಹಾಮರ, ಅಂದರೆ ಪ್ರವಾದಿ ಇಬ್ರಾಹೀಮ್(ಅ) ಅವರ ಬರಹವಿದೆಯೆಂದು ಜೋಸೆಫ್ ಘೋಷಿಸಿದರು. 1842ರಲ್ಲಿ ಇಲಿನಾಯ್ ರಾಜ್ಯದ ನಾವೂ ಪಟ್ಟಣದ ಪತ್ರಿಕೆಯಲ್ಲಿ ‘ಬುಕ್ ಆಫ್ ಅಬ್ರಹಾಮ್’ ಮೂರು ಚಿತ್ರಗಳ ಸಮೇತ ಪ್ರಕಟವಾಯಿತು.

ಈ ವಸ್ತು ಹಿಂದಿನವುಗಳಂತಿರಲಿಲ್ಲ. ಇದನ್ನು ದೇವದೂತ ತಂದಿರಲಿಲ್ಲ, ಹಿಂದಕ್ಕೆ ಒಯ್ಯಲೂ ಇಲ್ಲ. ಭೇಟಿ ನೀಡಿದವರಿಗೆಲ್ಲ ತೋರಿಸಲಾಗುತ್ತಿತ್ತು. 1844ರ ಜೂನ್ 27ರಂದು ಕಾರ್ತೇಜ್ ಸೆರೆಮನೆಯಲ್ಲಿ ಜೋಸೆಫ್ ದುಷ್ಕರ್ಮಿಗಳ ಗುಂಪಿನ ಗುಂಡಿಗೆ ಬಲಿಯಾದರು. 1856ರಲ್ಲಿ ಅವರ ತಾಯಿ ತೀರಿಕೊಂಡ ಬಳಿಕ ಕುಟುಂಬ ಅದನ್ನು ಮಾರಿತು. ಒಂದು ಪಾಲು ಶಿಕಾಗೋದ ವಸ್ತುಸಂಗ್ರಹಾಲಯ ಸೇರಿ 1871ರ ಮಹಾ ಅಗ್ನಿದುರಂತದಲ್ಲಿ ನಾಶವಾಯಿತೆಂದು ನಂಬಲಾಗಿದೆ. ಆದರೆ ಕೆಲವು ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದವು. 1966ರಲ್ಲಿ ಅವನ್ನು ಗುರುತಿಸಿದವರು ಈಜಿಪ್ಟಿನಲ್ಲಿ ಹುಟ್ಟಿ ಯೂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅಜೀಜ್ ಅತಿಯಾ ಎಂಬ ಕಾಪ್ಟಿಕ್ ಕ್ರೈಸ್ತ ಇತಿಹಾಸಕಾರರು. 1967ರ ನವೆಂಬರ್ 27ರಂದು ತುಣುಕುಗಳು ಚರ್ಚಿನ ಕೈಸೇರಿದವು.

ಅಷ್ಟರಲ್ಲಿ ಈಜಿಪ್ಟಿನ ಲಿಪಿಯನ್ನು ಲೋಕ ಓದಲು ಕಲಿತಿತ್ತು. ಫ್ರಾನ್ಸಿನ ಶಾಂಪೋಲಿಯೋ 1822ರಲ್ಲೇ ಅದರ ಗುಟ್ಟನ್ನು ಬಿಡಿಸಿದ್ದರೂ ಆ ವಿದ್ಯೆ ಜೋಸೆಫ್ ಅವರ ಕಾಲದ ಅಮೆರಿಕಕ್ಕೆ ಇನ್ನೂ ತಲುಪಿರಲಿಲ್ಲ. ತಜ್ಞರು ಓದಿದಾಗ, ಅವು ಸತ್ತವರ ಜೊತೆ ಇಡುತ್ತಿದ್ದ ಶವಸಂಸ್ಕಾರದ ಬರಹಗಳೆಂದೂ ಕ್ರಿಸ್ತಪೂರ್ವದ ಕೊನೆಯ ಕೆಲವು ಶತಮಾನಗಳಿಗೆ ಸೇರಿದವೆಂದೂ ತಿಳಿಯಿತು. ಅವುಗಳಲ್ಲಿ ಒಂದು ಹೋರ್ ಎಂಬ ಪುರೋಹಿತನಿಗಾಗಿ ಬರೆದದ್ದು. ಅಬ್ರಹಾಮರ ಹೆಸರು ಅವುಗಳಲ್ಲಿರಲಿಲ್ಲ. ತುಣುಕುಗಳ ಅಕ್ಷರಗಳು ‘ಬುಕ್ ಆಫ್ ಅಬ್ರಹಾಮ್’ಗೆ ಹೊಂದುವುದಿಲ್ಲವೆಂಬುದನ್ನು 2014ರಲ್ಲಿ ಚರ್ಚ್ ತನ್ನ ಅಧಿಕೃತ ಪ್ರಬಂಧದಲ್ಲಿ ಒಪ್ಪಿಕೊಂಡಿತು. ಮೂಲ ಭಾಗ ನಾಶವಾಗಿರಬಹುದು, ಇಲ್ಲವೇ ಸುರುಳಿಯು ದೈವಿಕ ಪ್ರೇರಣೆಗೆ ನಿಮಿತ್ತವಾಗಿದ್ದಿರಬಹುದು ಎಂಬ ವಿವರಣೆಗಳನ್ನೂ ಅದು ಮುಂದಿಟ್ಟಿತು. ಈ ಎರಡನೆಯ ವಿವರಣೆಯನ್ನು ಒಪ್ಪಿದರೆ ಟೋಪಿಯಲ್ಲಿನ ಕಲ್ಲಿಗೂ ಮೇಜಿನ ಮೇಲಿನ ಪಪೈರಸ್ಸಿಗೂ ವ್ಯತ್ಯಾಸವಿಲ್ಲ. ಯಾವುದನ್ನೂ ಓದಲಿಲ್ಲ, ಅವು ಹತ್ತಿರವಿದ್ದಾಗ ಪಠ್ಯ ಹುಟ್ಟಿತು.

ಮರೆವಿನ ಬೆಲೆ

ಮೊದಲ ಪೀಳಿಗೆಯವರಿಗೆ ಕಲ್ಲಿನ ವಿಷಯ ನಾಚಿಕೆಯದಾಗಿರಲಿಲ್ಲ. 1850ರಲ್ಲಿ ಕೌಡರಿ ತೀರಿಕೊಂಡ ಮೇಲೆ ಅವರ ಪತ್ನಿಯಿಂದ ಫಿನಿಯಸ್ ಯಂಗ್ ಅವರಿಗೂ, ಅವರಿಂದ ಚರ್ಚಿನ ನಾಯಕ ಬ್ರಿಗಮ್ ಯಂಗ್ ಅವರಿಗೂ ಕಲ್ಲು ಬಂತು. ಆದರೆ ಕಾಲ ಕಳೆದಂತೆ ಅದರ ಪ್ರಸ್ತಾಪ ಕಡಿಮೆಯಾಯಿತು. ಚಿತ್ರಕಾರರು ಜೋಸೆಫ್ ಅವರನ್ನು ತೆರೆದಿಟ್ಟ ತಗಡುಗಳ ಮುಂದೆ, ವಿದ್ವಾಂಸರು ಹಳೆಯ ಪುಸ್ತಕ ಓದುವ ಭಂಗಿಯಲ್ಲಿ ಚಿತ್ರಿಸಿದರು. ಚರ್ಚಿನ ಅಧಿಕೃತ ಇತಿಹಾಸಕಾರರಾಗಿದ್ದ ಜೋಸೆಫ್ ಫೀಲ್ಡಿಂಗ್ ಸ್ಮಿತ್ ಅವರೇ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಅನುವಾದಕ್ಕೆ ಕಲ್ಲನ್ನು ಬಳಸಿದ್ದನ್ನು ತಾನು ನಂಬುವುದಿಲ್ಲವೆಂದು ಬರೆದರು. ಎಮ್ಮಾ, ವಿಟ್ಮರ್, ಹ್ಯಾರಿಸ್ ಹೇಳಿದ್ದು ಕ್ರಮೇಣ ವಿರೋಧಿಗಳ ಪುಸ್ತಕಗಳಲ್ಲಿ ಮಾತ್ರ ಸಿಗುವಂತಾಯಿತು.

ಅಂತರಜಾಲ ಬಂದಾಗ ಈ ಮರೆವಿನ ಬೆಲೆ ತೆರಬೇಕಾಯಿತು. ಟೋಪಿಯ ವಿಷಯವನ್ನು ಅನೇಕ ಭಕ್ತರು ಮೊದಲ ಬಾರಿಗೆ ಕೇಳಿದ್ದು ಚರ್ಚಿನ ಹೊರಗಿನವರಿಂದ. ಅವರನ್ನು ಕಾಡಿದ್ದು ಕಲ್ಲಿಗಿಂತ ಹೆಚ್ಚಾಗಿ, ‘ಇದನ್ನು ನಮಗೆ ಮನೆಯವರೇ ಏಕೆ ಹೇಳಲಿಲ್ಲ?’ ಎಂಬ ಪ್ರಶ್ನೆ. 2013ರ ಡಿಸೆಂಬರ್‌ನಲ್ಲಿ ಅನುವಾದದ ಕುರಿತು ಚರ್ಚ್ ಪ್ರಕಟಿಸಿದ ಪ್ರಬಂಧವೂ 2015ರ ಛಾಯಾಚಿತ್ರವೂ ಆ ಪ್ರಶ್ನೆಗೆ ತಡವಾಗಿ ಬಂದ ಉತ್ತರಗಳು. ತಡವಾದರೂ ಅದೊಂದು ಧೈರ್ಯದ ಹೆಜ್ಜೆಯೆಂಬುದನ್ನು ನಾವು ನ್ಯಾಯವಾಗಿ ಒಪ್ಪಬೇಕು.

ಇಷ್ಟನ್ನೂ ಒಟ್ಟಾಗಿ ನೋಡಿದಾಗ ಪವಿತ್ರ ವಸ್ತುಗಳ ಪಾತ್ರ ಸ್ಪಷ್ಟವಾಗುತ್ತದೆ. ಅವು ಓದುವ ಮೂಲವಾಗಿ ಕೆಲಸ ಮಾಡಲಿಲ್ಲ, ನಂಬಿಕೆಯ ಆಸರೆಯಾಗಿ ಕೆಲಸ ಮಾಡಿದವು. ಹೇಳುವವನು ತನ್ನ ಮನಸ್ಸಿನಿಂದ ಹೇಳುತ್ತಿಲ್ಲವೆಂಬ ಭರವಸೆಯನ್ನು ಕೇಳುವವನಿಗೂ, ಬಹುಶಃ ಹೇಳುವವನಿಗೂ, ಅವು ಕೊಟ್ಟವು. ಆ ಭರವಸೆ ವ್ಯಕ್ತಿಯ ಮೇಲೆ ನೆಲೆಯಾದ ಮೇಲೆ ತಗಡುಗಳು ಮರಳಿಹೋದವು, ಕಲ್ಲು ಚೀಲ ಸೇರಿತು. ಲೋಕದ ಕಣ್ಣೆದುರಿಗೆ ಉಳಿದ ಪಪೈರಸ್ ಮಾತ್ರ ತನ್ನ ಕಥೆಯನ್ನು ತಾನೇ ಹೇಳಿತು.

1831ರ ಅಕ್ಟೋಬರ್‌ನಲ್ಲಿ ಒಹಾಯೋದಲ್ಲಿ ನಡೆದ ಸಭೆಯೊಂದರಲ್ಲಿ, ಗ್ರಂಥ ಹೊರಬಂದ ಬಗೆಯನ್ನು ಎಲ್ಲರ ಮುಂದೆ ವಿವರಿಸುವಂತೆ ಅಣ್ಣ ಹೈರಮ್ ಸ್ಮಿತ್ ತಮ್ಮನನ್ನು ಕೇಳಿಕೊಂಡರು. ಎಲ್ಲ ವಿವರಗಳನ್ನು ಲೋಕಕ್ಕೆ ಹೇಳುವುದು ಉದ್ದೇಶಿತವಲ್ಲವೆಂದು ಜೋಸೆಫ್ ಉತ್ತರಿಸಿದರು. ಅಣ್ಣ ಅಂದು ಕೇಳಿದ ಪ್ರಶ್ನೆ ಶತ್ರುವಿನದಾಗಿರಲಿಲ್ಲ, ನಂಬಿದವರದಾಗಿತ್ತು. ನಂಬಿದವರು ಪ್ರಾಮಾಣಿಕವಾಗಿ ಕೇಳುವ ಪ್ರಶ್ನೆಗೆ ಮನೆಯೊಳಗೇ ಉತ್ತರ ಸಿಗಬೇಕು. ಸಿಗದಿದ್ದರೆ ಅವರ ಮಕ್ಕಳು, ಮೊಮ್ಮಕ್ಕಳು ಅದೇ ಪ್ರಶ್ನೆಯನ್ನು ಹೊತ್ತು ಹೊರಗೆ ಹೋಗುತ್ತಾರೆ. ಇದು ಮಾರ್ಮನ್ನರಿಗೆ ಮಾತ್ರ ಸಲ್ಲುವ ಪಾಠವಲ್ಲ.